ಗಿರಣಿ ನೆಲದ ಮೂರು ಪಾಲು

ಊರಿಂದ ಬಂದ ನೆಂಟರು ಗೇಟ್‌ವೇ ನೋಡುತ್ತಾರೆ, ಮರೀನ್ ಡ್ರೈವ್ ನೋಡುತ್ತಾರೆ. ಲಾಲ್‌ಬಾಗ್ ಅಂದರೆ ಅವರಿಗೆ ಅಲ್ಲಿಯ ಗಣಪತಿ ಗೊತ್ತು, ಅಷ್ಟೇ. ಆದರೆ ಲಾಲ್‌ಬಾಗ್, ಪರೇಲ್, ವರ್ಲಿ ಸುತ್ತಿನ ಸೀಮೆಗೆ ಇಲ್ಲಿಯವರು ಇಟ್ಟ ಹೆಸರು ಗಿರಣಗಾಂವ್, ಗಿರಣಿಗಳ ಊರು. 1850ರ ದಶಕದಲ್ಲಿ ಶುರುವಾದ ಹತ್ತಿ ಗಿರಣಿಗಳೇ ಈ ಶಹರವನ್ನು ಸಾಕಿದ್ದು. ಕೆಲಸಗಾರರಲ್ಲಿ ಹೆಚ್ಚಿನವರು ಕೊಂಕಣ, ಸಾತಾರಾ ಕಡೆಯವರು. ಪಾಳಿ ಬಿಟ್ಟು ಬಂದವರಿಗೆ ಚಹಾ, ಇಡ್ಲಿ ಕೊಟ್ಟವರಲ್ಲಿ ನಮ್ಮ ಉಡುಪಿ, ಕುಂದಾಪುರದ ಹುಡುಗರೂ ಇದ್ದರು. ನಾನೂ ಅಂಥ ಒಂದು ಹೋಟೆಲಿನ ಗಲ್ಲಾದಲ್ಲಿ ಕುಳಿತವನು.

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರಕ್ಕಿಳಿದರು. ಆ ಮುಷ್ಕರ ಮುಗಿಯಿತೆಂದು ಯಾರೂ ಘೋಷಿಸಲೇ ಇಲ್ಲ. ನಮ್ಮ ಉದ್ರಿ ಪುಸ್ತಕ ದಪ್ಪವಾಗುತ್ತಾ ಹೋಯಿತು. ವಸೂಲಿಗೆ ಹೋಗಲು ಮನಸ್ಸು ಬರಲಿಲ್ಲ, ಆಮೇಲೆ ಹೋಗುವುದಾದರೂ ಎಲ್ಲಿಗೆ? ಎಷ್ಟೋ ಜನ ಊರು ಸೇರಿದ್ದರು.

ಉಳಿದದ್ದು ನೆಲ. ಸುಮಾರು 600 ಎಕರೆ, ಅದೂ ಮುಂಬಯಿಯ ನಟ್ಟನಡುವೆ! 1991ರ ನಿಯಮ ಇದನ್ನು ಸ್ಥೂಲವಾಗಿ ಮೂರು ಪಾಲು ಮಾಡಿತ್ತು: ಮೈದಾನ, ಉದ್ಯಾನಕ್ಕೆ ಒಂದು, ಸಾರ್ವಜನಿಕ ವಸತಿಗೆ ಒಂದು, ಮಾಲೀಕರಿಗೆ ಒಂದು. 2001ರಲ್ಲಿ ತಿದ್ದುಪಡಿ ಬಂತು. ಖಾಲಿ ಇದ್ದ ಜಾಗವನ್ನಷ್ಟೇ ಹಂಚಿದರೆ ಸಾಕು, ಕಟ್ಟಡ ಕೆಡವಿದ ಜಾಗ ಲೆಕ್ಕಕ್ಕಿಲ್ಲ ಎಂದು. ಗಿರಣಿ ಕಾಂಪೌಂಡಿನೊಳಗೆ ಖಾಲಿ ಜಾಗ ಎಷ್ಟಿರುತ್ತದೆ ಹೇಳಿ? ಪರಿಸರ ಸಂಘಟನೆಯೊಂದು ಕೋರ್ಟಿಗೆ ಹೋಯಿತು. 2005ರಲ್ಲಿ ಹೈಕೋರ್ಟಿನಲ್ಲಿ ಗೆದ್ದಿತು, 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು.

ಇಂಥ ಬದಲಾವಣೆಗೆ ಮುಂಚೆ ಜನರನ್ನು ಕೇಳಬೇಕೆಂದು ಕಾಯಿದೆಯೇ ಹೇಳುತ್ತದೆ. ಕೇಳುವುದೆಂದರೆ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಇದ್ದರೆ ಬರೆದು ಕೊಡಿ ಅನ್ನುವುದು. ಸಾತಾರಾದ ಹಳ್ಳಿಗೆ ಮರಳಿದ ಮಗ್ಗದವನಿಗೆ ಆ ಪ್ರಕಟಣೆ ಯಾರು ಓದಿ ಹೇಳಬೇಕು?

ಅದೇ ಮುಂಬಯಿಯ ಓವಲ್ ಮೈದಾನವನ್ನು ನೋಡಿ. 1990ರ ದಶಕದಲ್ಲಿ ಸುತ್ತಲಿನ ನಿವಾಸಿಗಳ ಸಂಘವೇ ಹಾಳುಬಿದ್ದ ಮೈದಾನವನ್ನು ವಹಿಸಿಕೊಂಡು ನೇರ್ಪು ಮಾಡಿತು. ಇಂಥ ಸಂಘಗಳ ಒತ್ತಾಸೆಯಿಂದ 2018ರಲ್ಲಿ ಆ ಭಾಗದ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಒಳ್ಳೆಯದೇ ಆಯಿತು, ನನಗೇನೂ ಹೊಟ್ಟೆಕಿಚ್ಚಿಲ್ಲ. ಅಲ್ಲಿ ವಕೀಲರಿದ್ದರು, ಕಾಗದಪತ್ರ ಬಲ್ಲವರಿದ್ದರು. ಗಿರಣಿಯವರ ಕೈಯಲ್ಲಿದ್ದದ್ದು ಮೋರ್ಚಾ ಒಂದೇ. ಅದರಿಂದ ಏನೂ ಸಿಗಲಿಲ್ಲ ಅಂತಲ್ಲ. ಗಿರಣಿ ಜಮೀನಿನಲ್ಲಿ ಕಟ್ಟಿದ 6,925 ಮನೆಗಳಿಗೆ 2012ರಲ್ಲಿ ಲಾಟರಿ ಎತ್ತಿದರು. ಅರ್ಜಿ ಹಾಕಿದವರು ಲಕ್ಷಕ್ಕೂ ಮಿಕ್ಕಿ!

ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಚಿಮಣಿ ಈಗ ಮಾಲಿನ ನಡುವೆ ನಿಂತಿದೆ. ಹಳೇ ಗಿರಾಕಿಯೊಬ್ಬರು ಈಚೆಗೆ ಸಿಕ್ಕಿದ್ದರು. ಲಾಟರಿಯಲ್ಲಿ ಹೆಸರು ಬಂತೇ ಎಂದು ಕೇಳಿದೆ. "ನಾಹೀ ಅಣ್ಣಾ" ಎಂದರು. ಈಗ ಮಗ ಕಚೇರಿಗೆ ಅಲೆಯುತ್ತಿದ್ದಾನಂತೆ.