ಗೋಡೆ ಒರೆಸುವ ಹಿಟ್ಟು

ಕಾರಿನ ಬಣ್ಣಕ್ಕೆ ಕಚ್ಚಿಕೊಂಡ, ನೀರಿಗೆ ಜಗ್ಗದ ಕಬ್ಬಿಣದ ಕಣಗಳನ್ನು ಮೆತ್ತನೆಯ ‘ಕ್ಲೇ ಬಾರ್’ ಉಜ್ಜಿ ತೆಗೆಯುವುದನ್ನು ನನ್ನ ಶಿಷ್ಯರಲ್ಲಿ ಹಲವರು ಬಲ್ಲರು. ಹೆಸರಿಗಷ್ಟೇ ಅದು ಜೇಡಿಮಣ್ಣು. ವಾಸ್ತವದಲ್ಲಿ ನುಣುಪಾದ ಉಜ್ಜುಪುಡಿ ಬೆರೆಸಿದ ಕೃತಕ ಮುದ್ದೆ. ಜಪಾನಿನ ತಡಾವೊ ಕೊಡಾಟೆಯವರಿಗೆ ಇದಕ್ಕಾಗಿ 1990ರ ದಶಕದಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ಮುದ್ದೆಯಿಂದ ಕೊಳೆ ಎತ್ತುವ ಉಪಾಯವಾದರೋ ಅದಕ್ಕಿಂತ ಹಳೆಯದು. ಅಮೆರಿಕದ ಮನೆಗಳಲ್ಲಿ ಚಳಿಗೆಂದು ಕಲ್ಲಿದ್ದಲು ಉರಿಸುತ್ತಿದ್ದ ಕಾಲ. ಮಸಿಯೆಲ್ಲ ಗೋಡೆಗೆ ಅಂಟಿಸಿದ ಕಾಗದದ ಮೇಲೆ. ನೀರು ತಾಗಿಸಿದರೆ ಕಾಗದವೇ ಹಾಳು. ಸಿನ್ಸಿನಾಟಿಯ ಕುಟಾಲ್ ಎಂಬ ಸಾಬೂನು ಕಂಪನಿ 1933ರ ಸುಮಾರಿಗೆ ಇದಕ್ಕೆಂದೇ ಕಲಸಿದ ಹಿಟ್ಟನ್ನು ಮಾರತೊಡಗಿತು. ನಮ್ಮ ಚಪಾತಿ ಹಿಟ್ಟಿನ ದೂರದ ಬಂಧುವೆನ್ನಿ! ಎರಡನೆಯ ಮಹಾಯುದ್ಧದ ಬಳಿಕ ಎಣ್ಣೆ, ಅನಿಲಗಳ ಕುಲುಮೆಗಳೂ ತೊಳೆಯಬಹುದಾದ ವಿನೈಲ್ ಕಾಗದವೂ ಬಂದವು. ಹಿಟ್ಟನ್ನು ಕೇಳುವವರಿಲ್ಲದೆ ಕಂಪನಿ ಕಂಗೆಟ್ಟಿತು.

ಅದಕ್ಕೆ ದಾರಿ ತೋರಿದವರು ಕೇ ಜುಫಾಲ್ ಎಂಬ ಶಿಶುವಿಹಾರದ ಶಿಕ್ಷಕಿ. ಅಂದಿನ ಆಟದ ಜೇಡಿ ಎಳೆಯ ಬೆರಳುಗಳಿಗೆ ಬಗ್ಗದಷ್ಟು ಗಟ್ಟಿ. ಆಕೆ ಗೋಡೆ ಒರೆಸುವ ಹಿಟ್ಟನ್ನೇ ಮಕ್ಕಳ ಕೈಗಿತ್ತು ಕ್ರಿಸ್‌ಮಸ್ ಅಲಂಕಾರಗಳನ್ನು ಮಾಡಿಸಿದರು. ತಮ್ಮ ಬಂಧುವೂ ಕಂಪನಿಯವರೂ ಆದ ಜೋ ಮೆಕ್‌ವಿಕರ್ ಅವರಿಗೆ ವಿಷಯ ತಿಳಿಸಿದರು. ‘ಪ್ಲೇ-ಡೋ’ ಎಂಬ ಹೆಸರನ್ನು ಸೂಚಿಸಿದ್ದೂ ಆ ಮನೆಯವರೇ. 1956ರಲ್ಲಿ ಅದು ಆಟಿಕೆಯಾಗಿ ಅಂಗಡಿಗೆ ಬಂದಿತು.

1965ರಲ್ಲಿ ದೊರೆತ ಪೇಟೆಂಟಿನಲ್ಲಿರುವುದು ನೋವಾ ಮತ್ತು ಜೋಸೆಫ್ ಮೆಕ್‌ವಿಕರ್ ಅವರ ಹೆಸರುಗಳು ಮಾತ್ರ. ಪಾಕ ಅವರದು, ನಿಜ. ಕಾನೂನಿಗೆ ಅಷ್ಟು ಸಾಕು. ಬಹುಕಾಲ ಮಕ್ಕಳ ನಡುವೆ ಕಳೆದ ನನಗೆ ಆ ಪತ್ರದಲ್ಲಿ ಒಂದು ಹೆಸರು ಕಡಿಮೆಯೆನಿಸುತ್ತದೆ.