ಆಟದ ದಿನದ ಜನಸಂದಣಿ: ಕ್ರೀಡಾಂಗಣದ ಬಾಗಿಲೂ ಅದರ ಹೊರಗಣ ದಾರಿಯೂ

ಮಧುಗಿರಿ, ಮಿಡಿಗೇಶಿ, ಪಾವಗಡಗಳ ಗಿರಿದುರ್ಗಗಳನ್ನು ಹತ್ತಿ ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಮನದಟ್ಟಾಗುತ್ತದೆ. ಕೋಟೆಯ ಬಾಗಿಲೆಂಬುದು ಬರುವವರನ್ನು ತಡೆಯುವುದಕ್ಕಾಗಿ ಹುಟ್ಟಿದ್ದು. ತಡೆಯಲಾಗದಿದ್ದಲ್ಲಿ ಅವರ ವೇಗವನ್ನಾದರೂ ಕುಗ್ಗಿಸಲೆಂದು ಬಾಗಿಲ ಹಿಂದೆ ಬಾಗಿಲನ್ನಿಟ್ಟು ದಾರಿಯನ್ನು ಕಿರಿದು ಮಾಡಿದ್ದಾರೆ. ಈ ಸೀಮೆಯ ವೈ.ಎನ್. ಹೊಸಕೋಟೆಯಂತಹ ಊರಿಗೆ ಹೆಸರಿನಲ್ಲಿಯೇ ಕೋಟೆಯಿದೆ. ಕೋಟೆಬಾಗಿಲುಗಳ ವಿಷಯವಾಗಿ ನಮ್ಮ ಇತಿಹಾಸಕಾರರು ಸಾಕಷ್ಟು ಬರೆದಿದ್ದಾರೆ. ಆದರೆ ಅದಕ್ಕೆ ತೀರ ವಿರುದ್ಧವಾದ ಉದ್ದೇಶವುಳ್ಳ ಇನ್ನೊಂದು ಬಾಗಿಲು, ಎಂದರೆ ಸಾವಿರಾರು ಮಂದಿಯನ್ನು ಅಲ್ಪಕಾಲದಲ್ಲಿ ಒಳಗೆ ಬಿಟ್ಟುಕೊಂಡು ಅಲ್ಪಕಾಲದಲ್ಲಿಯೇ ಹೊರಗೆ ಕಳುಹಬೇಕಾದ ಕ್ರೀಡಾಂಗಣದ ಬಾಗಿಲು, ನಮ್ಮಲ್ಲಿ ಇತಿಹಾಸದ ವಿಷಯವೆಂದು ಅಷ್ಟಾಗಿ ಪರಿಗಣಿತವಾಗಿಲ್ಲ. ಪ್ರಕೃತ ಲೇಖನದಲ್ಲಿ ಆ ಬಾಗಿಲನ್ನು ಕುರಿತು, ಅದಕ್ಕಿಂತ ಮಿಗಿಲಾಗಿ ಅದರ ಹೊರಗಣ ದಾರಿಯನ್ನು ಕುರಿತು, ವಿವೇಚಿಸಲು ಉದ್ದೇಶಿಸಿದ್ದೇವೆ.

ಹೊಸ ಕ್ರೀಡಾಂಗಣವೊಂದರ ಮಾತು ಬಂದಾಗ ಅದರಲ್ಲಿ ಎಷ್ಟು ಜನ ಹಿಡಿಸುತ್ತಾರೆಂಬ ಒಂದೇ ಸಂಖ್ಯೆಯನ್ನು ಎಲ್ಲರೂ ಕೇಳುತ್ತಾರೆ. ಈ ಸಂಖ್ಯೆ ಹೆಮ್ಮೆಗೆ ಸಾಕಾಗಬಹುದು. ಆಟದ ದಿನದ ವ್ಯವಸ್ಥೆಗೆ ಸಾಲದು. ರೈಲು ಬಸ್ಸುಗಳು ಗಂಟೆಗೆ ಎಷ್ಟು ಮಂದಿಯನ್ನು ತಂದಿಳಿಸುತ್ತವೆ, ಬಾಗಿಲುಗಳು ಗಂಟೆಗೆ ಎಷ್ಟು ಮಂದಿಯನ್ನು ಒಳಕ್ಕೆ ಬಿಡುತ್ತವೆ, ಇವೆರಡರ ಅಂತರದಿಂದ ಹೊರಗೆ ಉಳಿದವರು ನಿಲ್ಲುವುದಕ್ಕೆ ಎಷ್ಟು ನೆಲವಿದೆ ಎಂಬುದೇ ಇಲ್ಲಿ ಮುಖ್ಯವಾದ ಲೆಕ್ಕ. ಕಳೆದ ನೂರು ವರ್ಷಗಳ ದುರಂತಗಳನ್ನು ಪರಿಶೀಲಿಸಿದರೆ, ಆಸನಗಳ ಲೆಕ್ಕ ತಪ್ಪಿದ್ದಕ್ಕಿಂತ ಈ ಲೆಕ್ಕ ತಪ್ಪಿದ್ದೇ ಹೆಚ್ಚೆಂದು ನಮಗೆ ತೋರುತ್ತದೆ.

ಇದಕ್ಕೆ ಮೊದಲ ದೊಡ್ಡ ನಿದರ್ಶನ ಲಂಡನ್ನಿನ ವೆಂಬ್ಲಿ. 1923ನೆಯ ಇಸವಿ ಏಪ್ರಿಲ್ 28ರಂದು ಅಲ್ಲಿನ ಹೊಸ ಕ್ರೀಡಾಂಗಣದಲ್ಲಿ ಬೋಲ್ಟನ್ ವಾಂಡರರ್ಸ್ ಮತ್ತು ವೆಸ್ಟ್ ಹ್ಯಾಮ್ ಯುನೈಟೆಡ್ ತಂಡಗಳ ನಡುವೆ ಫುಟ್ಬಾಲ್ ಕಪ್ಪಿನ ಅಂತಿಮ ಪಂದ್ಯ ನಡೆಯಿತು. ಕಟ್ಟಡ ಮುಗಿದು ಕೇವಲ ನಾಲ್ಕು ದಿನಗಳಾಗಿದ್ದವು. ಸುಮಾರು ಒಂದೂಕಾಲು ಲಕ್ಷ ಮಂದಿಗೆ ಸ್ಥಳವಿರುವ ಅಷ್ಟು ದೊಡ್ಡ ಕ್ರೀಡಾಂಗಣ ತುಂಬೀತೇ ಎಂಬುದೇ ವ್ಯವಸ್ಥಾಪಕರಿಗಿದ್ದ ಸಂದೇಹ. ಆದಕಾರಣ ಮುಂಗಡ ಚೀಟಿಯಿಲ್ಲದವರೂ ಬಾಗಿಲಿನಲ್ಲಿ ಹಣ ಕೊಟ್ಟು ಒಳಗೆ ಬರಬಹುದೆಂದು ಬಿಟ್ಟರು. ಬೆಳಿಗ್ಗೆ 11-30ಕ್ಕೆ ಬಾಗಿಲು ತೆರೆಯಿತು. ಮಧ್ಯಾಹ್ನ 1-45ಕ್ಕೆ ಮುಚ್ಚಬೇಕಾಯಿತು. ಆದರೆ ಬಾಗಿಲು ಮುಚ್ಚಿದ ಸುದ್ದಿ ರೈಲು ನಿಲ್ದಾಣಗಳಲ್ಲಿ ಇಳಿಯುತ್ತಿದ್ದವರಿಗೆ ತಿಳಿಯುವ ಬಗೆಯೆಂತು? ರೈಲುಗಳು ಜನರನ್ನು ತಂದು ಸುರಿಯುತ್ತಲೇ ಇದ್ದವು. ಹಿಂದಿನವರು ಮುಂದಿನವರನ್ನು ಒತ್ತಿದರು, ಬೇಲಿಗಳು ಮುರಿದವು, ಗೋಡೆಗಳನ್ನು ಹತ್ತಿ ಇಳಿದವರೆಷ್ಟೋ ಮಂದಿ. ಲೆಕ್ಕಕ್ಕೆ ಸಿಕ್ಕಿದವರು 1,26,047. ಒಟ್ಟು ಬಂದವರು ಎರಡು ಲಕ್ಷವನ್ನು ಮೀರಿದರೆಂದು ಅಂದಾಜು. ಆಟದ ಅಂಗಳವೇ ಜನರಿಂದ ಮುಚ್ಚಿಹೋಗಿ, ಮೂರು ಗಂಟೆಗೆ ಆರಂಭವಾಗಬೇಕಿದ್ದ ಆಟ ಮುಕ್ಕಾಲು ಗಂಟೆ ತಡವಾಯಿತು.

ಜಾರ್ಜ್ ಸ್ಕೋರಿ ಎಂಬ ಪೊಲೀಸಿನವನು ಬಿಲ್ಲಿ ಎಂಬ ತನ್ನ ಬಿಳಿಯ ಕುದುರೆಯ ಮೇಲೆ ಕುಳಿತು ಜನರನ್ನು ಅಂಗಳದ ಅಂಚಿಗೆ ಸರಿಸುತ್ತಿದ್ದ ದೃಶ್ಯ ಜನಮನದಲ್ಲಿ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಆ ಪಂದ್ಯಕ್ಕೆ ಬಿಳಿ ಕುದುರೆಯ ಪಂದ್ಯವೆಂದೇ ಹೆಸರಾಯಿತು. ಅಂದು ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ. ಇದು ಒಂದು ವಿಧದಲ್ಲಿ ದುರ್ದೈವವೆಂದೇ ಹೇಳಬೇಕಾಗಿದೆ. ಗಾಯಗೊಂಡವರು ಸುಮಾರು ಸಾವಿರವಿದ್ದರೂ ಘಟನೆಯು ವಿನೋದದ ಕಥೆಯಾಗಿ ಉಳಿಯಿತೇ ಹೊರತು ಎಚ್ಚರಿಕೆಯಾಗಿ ಉಳಿಯಲಿಲ್ಲ. ಸರ್ಕಾರ ನೇಮಿಸಿದ ಎಡ್ವರ್ಡ್ ಶಾರ್ಟ್ ಅವರ ಸಮಿತಿ 1924ರಲ್ಲಿ ವರದಿಯೊಪ್ಪಿಸಿತು. ಫುಟ್ಬಾಲ್ ಸಂಸ್ಥೆಯು ಆ ಸಮಿತಿಯ ಮುಂದೆ ಸಾಕ್ಷ್ಯ ಕೊಡಲಿಲ್ಲ. ಅಂತಿಮ ಪಂದ್ಯಕ್ಕೆ ಮುಂಗಡ ಚೀಟಿ ಕಡ್ಡಾಯವಾಯಿತು, ನಿಜ. ಆದರೆ ಕ್ರೀಡಾಂಗಣಗಳ ಸುರಕ್ಷತೆಗೆಂದೇ ಒಂದು ಕಾನೂನು ಹುಟ್ಟುವುದಕ್ಕೆ 1975ನೆಯ ಇಸವಿಯವರೆಗೆ ಕಾಯಬೇಕಾಯಿತು. ಅದೂ ಗ್ಲ್ಯಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 1971ರ ಜನವರಿ 2ರಂದು, ಆಟ ಮುಗಿದು ಜನರು ಹೊರಗೆ ಹೋಗುತ್ತಿದ್ದಾಗ, ಒಂದೇ ಮೆಟ್ಟಿಲುಸಾಲಿನಲ್ಲಿ 66 ಮಂದಿ ಸತ್ತ ಮೇಲೆ.

ಬಾಗಿಲಿನ ವೇಗವನ್ನು ಅಂಕಿಗಳಲ್ಲಿ ಹಿಡಿದಿಡುವ ಪ್ರಯತ್ನ ಆ ಬಳಿಕ ಬಲಗೊಂಡಿತು. ಬ್ರಿಟನ್ನಿನಲ್ಲಿ 1973ರಿಂದ ಹಲವು ಬಾರಿ ಪರಿಷ್ಕೃತವಾಗಿ ಬಂದಿರುವ, ಹಸಿರು ಕೈಪಿಡಿಯೆಂದು ಪ್ರಸಿದ್ಧವಾದ ಗ್ರಂಥವು ಒಬ್ಬೊಬ್ಬರನ್ನೇ ಒಳಬಿಡುವ ಒಂದು ತಿರುಗು ಗೇಟಿಗೆ ಗಂಟೆಗೆ ಹೆಚ್ಚೆಂದರೆ 660 ಮಂದಿ ಎಂಬ ಮಿತಿಯನ್ನು ಹೇಳುತ್ತದೆ. ಈ ಅಳತೆಗೋಲನ್ನು 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದುದಕ್ಕೆ ಅನ್ವಯಿಸಿ ನೋಡೋಣ. ಲೆಪ್ಪಿಂಗ್ಸ್ ಲೇನ್ ಎಂಬ ಬೀದಿಯ ಕಡೆಯಿಂದ ಒಳಗೆ ಬರಬೇಕಾಗಿದ್ದ, ನಿಂತು ನೋಡುವ ಚೀಟಿಯವರು 10,100 ಮಂದಿ. ಅವರಿಗೆ ಇದ್ದ ಗೇಟುಗಳು ಏಳು. ಏಳು ಗೇಟುಗಳು ಎಡೆಬಿಡದೆ ನಡೆದರೂ ಗಂಟೆಗೆ 4,620 ಮಂದಿ ಮಾತ್ರ ಒಳಗೆ ಹೋಗಬಲ್ಲರು. ಎಂದರೆ ಎಲ್ಲರೂ ಒಳಸೇರಲು ಎರಡು ಗಂಟೆಗೂ ಮಿಕ್ಕಿ ಕಾಲ ಬೇಕು. ಪ್ರೇಕ್ಷಕರಲ್ಲಿ ಬಹುಮಂದಿ ಬಂದದ್ದಾದರೋ ಆಟಕ್ಕೆ ಮುಂಚಿನ ಮುಕ್ಕಾಲು ಗಂಟೆಯೊಳಗೆ. ಹೊರಗಿನ ಒತ್ತಡವನ್ನು ತಾಳಲಾರದೆ 2-52ಕ್ಕೆ ಒಂದು ದೊಡ್ಡ ಗೇಟನ್ನು ತೆರೆದರು. ಒಳಗೆ ಹೋದವರು ಆಗಲೇ ತುಂಬಿದ್ದ ಕಟಾಂಜನದ ಆವರಣಗಳಿಗೇ ನುಗ್ಗಿದರು. ಸತ್ತವರ ಸಂಖ್ಯೆ ಕಡೆಗೆ 97ನ್ನು ಮುಟ್ಟಿತು. ತಪ್ಪು ಪ್ರೇಕ್ಷಕರದೇ ಎಂಬ ಅಪವಾದ ಬಹುಕಾಲ ಉಳಿದಿತ್ತು. 2016ರಲ್ಲಿ ಪಂಚರ ತೀರ್ಪು ಪ್ರೇಕ್ಷಕರನ್ನು ದೋಷಮುಕ್ತರನ್ನಾಗಿಸಿತು. ಜನಸಂದಣಿಯ ಇತಿಹಾಸವನ್ನು ಬರೆಯುವವರು ಜನರನ್ನು ಹಳಿಯುವ ಮೊದಲು ಗೇಟುಗಳನ್ನು ಎಣಿಸಬೇಕು.

ನಮ್ಮ ದೇಶದ ಫುಟ್ಬಾಲಿನ ದೊಡ್ಡ ದುರಂತ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ 1980ರ ಆಗಸ್ಟ್ 16ರಂದು, ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ತಂಡಗಳ ಪಂದ್ಯದಲ್ಲಿ ಸಂಭವಿಸಿತು. ಪ್ರೇಕ್ಷಕರ ನಡುವಣ ಗಲಭೆಯೂ ನೂಕುನುಗ್ಗಲೂ ಸೇರಿ 16 ಮಂದಿ ಮಡಿದರು. ಅದೇ ನಗರದಲ್ಲಿ 1984ರಲ್ಲಿ ತೆರೆದ ಸಾಲ್ಟ್ ಲೇಕಿನ ಹೊಸ ಕ್ರೀಡಾಂಗಣಕ್ಕೆ ಒಂಬತ್ತು ಮಹಾದ್ವಾರಗಳನ್ನೂ, ಮೇಲಿನ ಹಂತಗಳಿಗೆ ಮೆಟ್ಟಿಲಿಲ್ಲದೆ ಹತ್ತಬಹುದಾದ ಮೂವತ್ತು ಇಳಿಜಾರು ದಾರಿಗಳನ್ನೂ ಇಟ್ಟರು. 1997ರಲ್ಲಿ ಇವೇ ಎರಡು ತಂಡಗಳ ಪಂದ್ಯಕ್ಕೆ ಅಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಮಿಗಿಲಾಗಿ ಜನ ನೆರೆದಿದ್ದರು. ಒಳಗಿನ ದಾರಿಯನ್ನು ಹೀಗೆ ವಿಚಾರಪೂರ್ವಕವಾಗಿ ಕಟ್ಟಿದ್ದರೂ ಕ್ರೀಡಾಂಗಣದ ಹೆಸರಿನ ಮೆಟ್ರೋ ನಿಲ್ದಾಣ ತೆರೆದದ್ದು 2020ರ ಫೆಬ್ರವರಿಯಲ್ಲಿ, ಎಂದರೆ ಮೂವತ್ತಾರು ವರ್ಷಗಳ ತರುವಾಯ. ಅಷ್ಟೂ ಕಾಲ ರಸ್ತೆಯೇ ಆ ಭಾರವನ್ನು ಹೊತ್ತಿತು.

ಬೆಂಗಳೂರಿನ ಕಥೆ ಇದಕ್ಕಿಂತ ಭಿನ್ನ. ಇಲ್ಲಿನ ಕಂಠೀರವ ಕ್ರೀಡಾಂಗಣ ಬತ್ತಿದ ಸಂಪಂಗಿ ಕೆರೆಯ ಅಂಗಳದಲ್ಲಿ ನಿಂತಿದೆ. ಕೆರೆಯ ಅವಶೇಷವಾದ ಒಂದು ಕುಂಟೆ ಕರಗದ ವಿಧಿಗಾಗಿ ಉಳಿದುಕೊಂಡಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಅದನ್ನು ನವೀಕರಿಸಿದರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡವು ಮೊದಲ ವರ್ಷ ಅಶೋಕನಗರದ ಸಣ್ಣ ಫುಟ್ಬಾಲ್ ಮೈದಾನದಲ್ಲಿ ಆಡಿ, ಅನಂತರ ಇಲ್ಲಿಗೆ ಬಂದಿತು. 2023ರ ಜುಲೈ 4ರಂದು ಭಾರತ ಮತ್ತು ಕುವೈತ್ ತಂಡಗಳ ದಕ್ಷಿಣ ಏಷ್ಯದ ಅಂತಿಮ ಪಂದ್ಯಕ್ಕೆ ಕ್ರೀಡಾಂಗಣ ಕಿಕ್ಕಿರಿದಿತ್ತು. ಸುಮಾರು ಇಪ್ಪತ್ತೈದು ಸಾವಿರ ಮಂದಿಯ ಈ ಅಳತೆಯನ್ನು ನಗರದ ನಡುಭಾಗ ಹೇಗೋ ಸೈರಿಸಿಕೊಂಡಿದೆ. ಸಮಸ್ಯೆ ಉಲ್ಬಣಿಸಿದ್ದು ಕಬ್ಬನ್ ಉದ್ಯಾನದ ಇನ್ನೊಂದು ಮಗ್ಗುಲಿನಲ್ಲಿ, ಕ್ರಿಕೆಟ್ಟಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಆಟ ಬೇರೆಯಾದರೂ ಬಾಗಿಲಿನ ಗಣಿತ ಬೇರೆಯಲ್ಲ.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರಿನಲ್ಲಿ. ಜನರು ಬಸ್ಸಿನಲ್ಲಿ, ಸೈಕಲ್ಲಿನಲ್ಲಿ, ಕಾಲ್ನಡೆಯಲ್ಲಿ ಬೆಳಗಿನಿಂದ ಚೆದರಿ ಬರುತ್ತಿದ್ದ ಕಾಲವದು. 2011ರಲ್ಲಿ ಮಹಾತ್ಮ ಗಾಂಧಿ ರಸ್ತೆಗೆ ಮೆಟ್ರೋ ಬಂದಿತು. 2016ರಲ್ಲಿ ನೆಲದಡಿಯ ಮಾರ್ಗ ತೆರೆದು ಕಬ್ಬನ್ ಉದ್ಯಾನದ ನಿಲ್ದಾಣವು ಕ್ರೀಡಾಂಗಣದ ಮುಂದೆಯೇ ಬಾಯ್ದೆರೆಯಿತು. ಆಟದ ರಾತ್ರಿಗಳಲ್ಲಿ ಕೊನೆಯ ರೈಲನ್ನು ನಡುರಾತ್ರಿ ದಾಟುವವರೆಗೆ ಓಡಿಸುವುದು, ಮರಳುವ ಚೀಟಿಯನ್ನು ಮೊದಲೇ ಕೊಡುವುದು, ಸುತ್ತಣ ರಸ್ತೆಗಳಲ್ಲಿ ವಾಹನ ನಿಲುಗಡೆಯನ್ನು ನಿಷೇಧಿಸುವುದು ಮುಂತಾದ ಒಳ್ಳೆಯ ಪದ್ಧತಿಗಳು ಬೆಳೆದವು. ಇವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ತತ್ರಾಪಿ ಸಾರಿಗೆಯ ವೇಗ ಹೆಚ್ಚಿದಷ್ಟು ಬಾಗಿಲಿನ ವೇಗ ಹೆಚ್ಚಲಿಲ್ಲ. ಆರು ಬೋಗಿಗಳ ಒಂದು ಮೆಟ್ರೋ ರೈಲು ಸುಮಾರು ಎರಡು ಸಾವಿರ ಮಂದಿಯನ್ನು ತರಬಲ್ಲದು. ಮೇಲೆ ಹೇಳಿದ ಕೈಪಿಡಿಯ ಅಳತೆಯಂತೆ, ಒಂದೇ ರೈಲಿನಲ್ಲಿ ಬಂದವರನ್ನು ಒಳಗೆ ಬಿಡಲು ಮೂರು ಗೇಟುಗಳು ಒಂದು ಗಂಟೆ ದುಡಿಯಬೇಕು. ಮುಂದಿನ ರೈಲಾದರೋ ಕೆಲವೇ ನಿಮಿಷಗಳಲ್ಲಿ ಬಂದಿರುತ್ತದೆ.

2025ರ ಜೂನ್ 3ರ ರಾತ್ರಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಅಹಮದಾಬಾದಿನಲ್ಲಿ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿಯನ್ನು ಗೆದ್ದಿತು. ಮರುದಿನವೇ ವಿಧಾನಸೌಧದ ಮುಂದೆಯೂ ಕ್ರೀಡಾಂಗಣದಲ್ಲಿಯೂ ವಿಜಯೋತ್ಸವ. ಅಂದು ಪಂದ್ಯವಿರಲಿಲ್ಲ, ಎಂದಿನಂತೆ ಮಾರಿದ ಚೀಟಿಯಿರಲಿಲ್ಲ. ಪ್ರವೇಶ ಯಾರಿಗೆ, ಯಾವ ಬಾಗಿಲಿನಿಂದ ಎಂಬ ವಿಷಯದಲ್ಲಿ ಜನರಿಗೆ ಖಚಿತವಾದ ತಿಳಿವಳಿಕೆಯೂ ಇರಲಿಲ್ಲ. ಸುಮಾರು 35,000 ಮಂದಿ ಹಿಡಿಸುವ ಕ್ರೀಡಾಂಗಣದತ್ತ ಎರಡು ಮೂರು ಲಕ್ಷ ಜನ ಬಂದರೆಂದು ಮುಖ್ಯಮಂತ್ರಿಗಳೇ ಹೇಳಿದರು. ಮೆಟ್ರೋದಲ್ಲಿ ಆ ದಿನ ಪ್ರಯಾಣ ಮಾಡಿದವರ ಸಂಖ್ಯೆ ಒಂಬತ್ತು ಲಕ್ಷವನ್ನು ಮೀರಿತು. ಕಬ್ಬನ್ ಉದ್ಯಾನ ಮತ್ತು ವಿಧಾನಸೌಧದ ನಿಲ್ದಾಣಗಳಲ್ಲಿ ರೈಲು ನಿಲ್ಲಿಸುವುದನ್ನು ಬಿಟ್ಟರು. ಆ ವೇಳೆಗೆ ಬೀದಿ ತುಂಬಿತ್ತು. ಗೇಟುಗಳ ಮುಂದಣ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಹದಿಹರೆಯದವರೂ ಇದ್ದರು, ಹೊರಜಿಲ್ಲೆಗಳ ಮೂಲದವರೂ ಇದ್ದರು. ವೆಂಬ್ಲಿಯ ವೃತ್ತಾಂತವನ್ನು ಓದಿದವರಿಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಚೀಟಿಯ ನಿರ್ಬಂಧವಿಲ್ಲದ ಆಹ್ವಾನ, ತುಂಬಿದ ಒಳಾವರಣ, ಅದನ್ನರಿಯದೆ ಬರುತ್ತಲೇ ಇರುವ ರೈಲು: ಮೂರೂ ಅವೇ. ವೆಂಬ್ಲಿಯವರಿಗೆ ಸುತ್ತಲೂ ಬಯಲಿತ್ತು; ಇಲ್ಲಿ ಇದ್ದದ್ದು ಕಾಲುದಾರಿ.

ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಅವರ ಆಯೋಗ 2025ರ ಜುಲೈನಲ್ಲಿ ಒಪ್ಪಿಸಿದ ವರದಿಯು ಈ ಕ್ರೀಡಾಂಗಣದ ರಚನೆಯೇ ಭಾರಿ ಜನಸಮೂಹಕ್ಕೆ ಅಪಾಯಕರವೆಂದು ಹೇಳಿತು. ಸಾಲು ನಿಲ್ಲುವುದಕ್ಕೆ ಪ್ರತ್ಯೇಕ ಸ್ಥಳವಿಲ್ಲದೆ ಜನರು ಕಾಲುದಾರಿಯಲ್ಲಿ, ರಸ್ತೆಯಲ್ಲಿ ನಿಲ್ಲಬೇಕಾಗಿದೆ ಎಂಬುದು ಅದು ಎತ್ತಿ ತೋರಿದ ನ್ಯೂನತೆಗಳಲ್ಲೊಂದು. ನಮ್ಮ ದೃಷ್ಟಿಯಲ್ಲಿ ವರದಿಯ ಮುಖ್ಯವಾದ ಮಾತು ಇದೇ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ನಮ್ಮ ದೇವಾಲಯದ ಊರುಗಳಲ್ಲಿ ತೇರಿನ ಬೀದಿಯನ್ನು ಅಗಲವಾಗಿ ಬಿಟ್ಟವರು ತೇರಿನ ಚಕ್ರವನ್ನಷ್ಟೇ ಅಳೆದಿರಲಾರರು. ತೇರನ್ನೆಳೆಯುವವರನ್ನೂ ಸುತ್ತ ನಿಂತು ನೋಡುವವರನ್ನೂ ಲೆಕ್ಕಕ್ಕೆ ಹಿಡಿದಿರಬೇಕು. ಪ್ರದಕ್ಷಿಣೆಯ ನಿಯಮದಿಂದ ಜನರೆಲ್ಲ ಒಂದೇ ದಿಕ್ಕಿಗೆ ಸಾಗುತ್ತಾರೆ, ಎದುರುಬದುರಾಗುವುದಿಲ್ಲ. ಶ್ರಾವಣದ ಶನಿವಾರಗಳಲ್ಲಿ ಪಾವಗಡದ ಶನೇಶ್ವರ ದೇವಾಲಯಕ್ಕೆ ಬರುವ ಸಂದಣಿಯೂ ದೊಡ್ಡದೇ. ಆದರೆ ಅದು ಮುಂಜಾನೆಯಿಂದ ರಾತ್ರಿಯವರೆಗೆ ಹಂಚಿಹೋಗಿರುತ್ತದೆ. ಆಟದ ಸಂದಣಿಗೆ ಆ ಸೌಕರ್ಯವಿಲ್ಲ. ಬರುವಾಗ ಎರಡು ಗಂಟೆಯ ಅವಕಾಶವಾದರೂ ಉಂಟು. ಹೋಗುವಾಗ ಎಲ್ಲರೂ ಒಂದೇ ನಿಮಿಷದಲ್ಲಿ ಏಳುತ್ತಾರೆ.

2025ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಆಸನಗಳ ಹೊಸ ಕ್ರೀಡಾಂಗಣದ ಯೋಜನೆಗೆ ಸಮ್ಮತಿಯಿತ್ತಿತು. ಅಷ್ಟು ಮಂದಿ ಒಂದು ಗಂಟೆಯಲ್ಲಿ ಒಳಸೇರಬೇಕಾದರೆ ಗೇಟಿಗೆ 660ರಂತೆ 121ಕ್ಕೂ ಮಿಗಿಲಾಗಿ ಗೇಟುಗಳು ಬೇಕು. ಒಂದೂವರೆ ಗಂಟೆಯಾದರೂ 81. ಮರಳುವಾಗ ಅರ್ಧದಷ್ಟು ಜನ ಮೆಟ್ರೋ ಹಿಡಿದರೆ ಇಪ್ಪತ್ತು ರೈಲುಗಳಾಗುತ್ತವೆ. ಆ ದಿಕ್ಕಿನ ಬೊಮ್ಮಸಂದ್ರದ ಮಾರ್ಗ 2025ರ ಆಗಸ್ಟ್ 10ರಂದು ತೆರೆದಾಗ ಇಪ್ಪತ್ತೈದು ನಿಮಿಷಕ್ಕೊಂದು ರೈಲಿತ್ತು. ಆ ಲೆಕ್ಕದಲ್ಲಿ ಕೊನೆಯ ಪ್ರೇಕ್ಷಕ ರೈಲೇರುವ ಹೊತ್ತಿಗೆ ಸುಮಾರು ಎಂಟು ಗಂಟೆ ಕಳೆದು ಬೆಳಕು ಹರಿದಿರುತ್ತದೆ. ಐದು ನಿಮಿಷಕ್ಕೊಂದು ರೈಲಾದರೆ ಒಂದೂವರೆ ಗಂಟೆ ಸಾಕು. ಬೊಮ್ಮಸಂದ್ರಕ್ಕೆ ಮಾರ್ಗ ಮುಗಿಯುವುದರಿಂದ ಅಲ್ಲಿಂದ ಸೂರ್ಯನಗರದವರೆಗಿನ ಭಾರವೆಲ್ಲ ರಸ್ತೆಯ ಮೇಲೆಯೇ ಬೀಳುತ್ತದೆ. ನೂರೈವತ್ತು ಕಿಲೋಮೀಟರಿಗೂ ಮಿಗಿಲು ದೂರದ ವೈ.ಎನ್. ಹೊಸಕೋಟೆಯಿಂದ ಆಟ ನೋಡಲು ಬಂದ ನೇಕಾರರ ಮನೆಯ ಹುಡುಗನಿಗಾದರೋ ಇಷ್ಟರಿಂದಲೂ ಮುಗಿಯುವುದಿಲ್ಲ. ಕ್ರೀಡಾಂಗಣ ನಗರದ ತೆಂಕಣ ತುದಿಯಲ್ಲಿ, ಅವನ ಊರಿನ ದಾರಿ ಬಡಗಣ ತುದಿಯಲ್ಲಿ. ಮಧುಗಿರಿ, ಪಾವಗಡಗಳ ಬಸ್ಸು ಹಿಡಿಯುವುದಕ್ಕೆ ಮೊದಲು ಅವನು ನಡುರಾತ್ರಿಯಲ್ಲಿ ಇಡೀ ಬೆಂಗಳೂರನ್ನು ದಾಟಬೇಕು.