ನಾಲ್ಕಡಿ ಹನ್ನೊಂದು ಅಂಗುಲದ ಗುರು

ಗರಡಿಮನೆ ಎಂದರೆ ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಹೊರಗಿನಿಂದಷ್ಟೇ ಗೊತ್ತಿದ್ದ ಜಾಗ. ತಗ್ಗು ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಹನುಮಪ್ಪ, ಮೂಲೆಯಲ್ಲಿ ಗದೆ, ಮುದ್ಗರ. ಅಣ್ಣತಮ್ಮಂದಿರು ಸಾಮು ಮಾಡಿ ಬಂದು ಬಾದಾಮಿ ಹಾಲು ಕುಡಿಯುವರು. ಬಾದಾಮಿ ಅರೆಯುವುದು ನಮ್ಮ ಪಾಲಿನ ಸಾಮು. ಗಂಡಿಗೆ ಬಲ, ಹೆಣ್ಣಿಗೆ ಎಚ್ಚರ ಎಂಬುದು ಮನೆಮನೆಯ ಪಾಠ.

ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ನಾವು ‘ಇಂಗ್ಲೆಂಡಿನ ಮಹಿಳೆಯರಿಗೆ 1918ರಲ್ಲಿ ಮತದಾನದ ಹಕ್ಕು ದೊರೆಯಿತು’ ಎಂದು ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತೇವೆ. ‘ದೊರೆಯಿತು’ ಎಂದರೆ ಯಾರೋ ಕರೆದು ಕೈಗಿಟ್ಟ ಹಾಗೆ! ಆ ಒಂದು ಕ್ರಿಯಾಪದದ ಹಿಂದೆ ಎಷ್ಟು ಜನರ ಮೈ ನೊಂದಿದೆ ಎಂಬುದು ಪಠ್ಯಪುಸ್ತಕದಲ್ಲಿಲ್ಲ.

1910ರ ನವೆಂಬರ್ 18, ಶುಕ್ರವಾರ. ಮತದಾನದ ಹಕ್ಕು ಕೇಳಲು ಸುಮಾರು 300 ಮಹಿಳೆಯರು ಲಂಡನ್ನಿನ ಸಂಸತ್ ಭವನದತ್ತ ಹೊರಟರು. ಮುಂಚೂಣಿಯಲ್ಲಿ ನಾಯಕಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್. ಜೊತೆಗೆ ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ಅವರ ಮಗಳು ಸೋಫಿಯಾ. ಪೊಲೀಸರು ಆರು ಗಂಟೆಗಳ ಕಾಲ ಅವರನ್ನು ಎಳೆದಾಡಿದರು, ನೆಲಕ್ಕೆ ಕೆಡವಿದರು. ಆಮೇಲೆ ಸಂಗ್ರಹಿಸಿದ 135 ಹೇಳಿಕೆಗಳಲ್ಲಿ 29 ಹೇಳಿಕೆಗಳು ಮೈಮೇಲೆ ಕೈಹಾಕಿ ಅಸಭ್ಯವಾಗಿ ನಡೆದುಕೊಂಡದ್ದನ್ನು ಹೇಳುತ್ತವೆ. ವಿಚಾರಣೆ ಮಾಡಿಸಿ ಎಂದು ಕೇಳಿದರೆ, ಆಗ ಗೃಹಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಒಪ್ಪಲಿಲ್ಲ. ಆ ದಿನಕ್ಕೆ ‘ಕಪ್ಪು ಶುಕ್ರವಾರ’ ಎಂದೇ ಹೆಸರಾಯಿತು.

ದೂರು ಕೇಳುವವರಿಲ್ಲದಾಗ ಹೆಂಗಸು ಏನು ಮಾಡಬೇಕು? ಉತ್ತರ ಬಲ್ಲವಳೊಬ್ಬಳು ಆಗಲೇ ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದಳು. ಹೆಸರು ಈಡಿತ್ ಗ್ಯಾರುಡ್. ಹುಟ್ಟಿದ್ದು 1872ರಲ್ಲಿ. ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. ನಮ್ಮ ಎಂಟನೆಯ ತರಗತಿಯ ಎಷ್ಟೋ ಹುಡುಗಿಯರು ಇದಕ್ಕಿಂತ ಎತ್ತರವಿದ್ದಾರೆ! ಆಕೆ, ಆಕೆಯ ಗಂಡ ಇಬ್ಬರೂ ಸದಕಾಜು ಉಯೆನಿಶಿ ಎಂಬ ಜಪಾನೀ ಗುರುವಿನಿಂದ ಜುಜುತ್ಸು ಕಲಿತವರು. 1908ರಲ್ಲಿ ಗುರು ಊರಿಗೆ ಮರಳಿದಾಗ ಶಾಲೆಯನ್ನು ಇವರೇ ವಹಿಸಿಕೊಂಡರು. ಹೆಂಗಸರ, ಮಕ್ಕಳ ತರಗತಿ ಈಡಿತ್ ಪಾಲಿಗೆ ಬಂತು.

ಜುಜುತ್ಸುವೂ ಒಂದು ಬಗೆಯ ಕುಸ್ತಿಯೇ. ಆದರೆ ಇದರಲ್ಲಿ ಎದುರಾಳಿಯ ತೂಕವೇ ನಮ್ಮ ಬಂಡವಾಳ. ಅವನು ನೂಕಿದರೆ ನಾವು ಎದುರು ನೂಕಬಾರದು, ಎಳೆಯಬೇಕು. ಅವನು ಎಳೆದರೆ ಅತ್ತಲೇ ಹೋಗಿ ಅವನ ಕಾಲು ತಪ್ಪಿಸಬೇಕು. ಯಾರಾದರೂ ಮುಂಗೈ ಹಿಡಿದರೆ ಗಾಬರಿಯಲ್ಲಿ ನಾವು ಹಿಂದಕ್ಕೆ ಜಗ್ಗುತ್ತೇವೆ. ಅದು ಅವನ ನಾಲ್ಕು ಬೆರಳುಗಳ ಜೊತೆಗಿನ ಜಗ್ಗಾಟ. ಹಿಡಿತ ಸಡಿಲವಾಗಿರುವುದು ಹೆಬ್ಬೆರಳ ಕಡೆ. ಕೈಯನ್ನು ಅತ್ತ ತಿರುಗಿಸಿ ಎಳೆದುಕೊಂಡರೆ ಬಿಡಿಸಿಕೊಳ್ಳುವುದು ಸುಲಭ. ಮನೆಯಲ್ಲಿ ಮಗಳ ಜೊತೆ ಮಾಡಿ ನೋಡಿ.

1913ರಲ್ಲಿ ಸರ್ಕಾರ ಒಂದು ವಿಚಿತ್ರ ಕಾನೂನು ತಂದಿತು. ಜೈಲಿನಲ್ಲಿ ಉಪವಾಸ ಕೂತ ಹೋರಾಟಗಾರ್ತಿ ನಿತ್ರಾಣಳಾದರೆ ಬಿಡುಗಡೆ. ಮನೆಯಲ್ಲಿ ಗಂಜಿ ಕುಡಿದು ಚೇತರಿಸಿಕೊಂಡರೆ ಮತ್ತೆ ಬಂಧನ. ಜನ ಅದನ್ನು ‘ಬೆಕ್ಕು ಇಲಿ ಕಾಯಿದೆ’ ಎಂದು ಕರೆದರು. ಪ್ಯಾಂಕ್‌ಹರ್ಸ್ಟ್ ಅವರನ್ನು ಈ ಬೆಕ್ಕಿನಿಂದ ಕಾಯಲು ಸುಮಾರು ಮೂವತ್ತು ಮಹಿಳೆಯರ ಪಡೆ ಸಿದ್ಧವಾಯಿತು. ಪಟ್ಟು ಕಲಿಸಿದವಳು ಈಡಿತ್. ತಾಲೀಮೆಲ್ಲ ಗುಟ್ಟಾದ ಜಾಗಗಳಲ್ಲಿ.

ಆ ಪಡೆಯವರು ಉದ್ದನೆಯ ಗೌನುಗಳೊಳಗೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದ ಆಯುಧ ಯಾವುದು ಗೊತ್ತೇ? ನಮ್ಮ ಗರಡಿಯ ಮುದ್ಗರದ ತಂಗಿ! 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಮುದ್ಗರ ತಿರುಗಿಸುವ ವ್ಯಾಯಾಮವನ್ನು ತಮ್ಮ ನಾಡಿಗೆ ಒಯ್ದಿದ್ದರು. ಅಲ್ಲಿ ಅದು ಹಗುರವಾಗಿ, ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಹೆಂಗಸರ ಕೈಗೂ ಬಂತು. ನಮ್ಮೂರಿನ ಹೆಣ್ಣು ಮುಟ್ಟದ ಮುದ್ಗರ ಏಳು ಸಮುದ್ರ ದಾಟಿ ಅಲ್ಲಿಯ ಹೆಣ್ಣಿನ ನೆರವಿಗೆ ನಿಂತಿತು ನೋಡಿ.

1914ರ ಮಾರ್ಚ್ 9ರಂದು ಗ್ಲಾಸ್ಗೋ ನಗರದಲ್ಲಿ ಸಭೆ. ವೇದಿಕೆಯ ಅಂಚಿಗೆ ಹೂವಿನ ಅಲಂಕಾರ. ಹೂವಿನ ಅಡಿಯಲ್ಲಿ ಮುಳ್ಳುತಂತಿ! ಪ್ಯಾಂಕ್‌ಹರ್ಸ್ಟ್ ಮಾತು ಶುರುಮಾಡುತ್ತಲೇ ಪೊಲೀಸರು ನುಗ್ಗಿದರು. ಸಾವಿರಾರು ಜನರ ಕಣ್ಣೆದುರೇ ಹೆಂಗಸರು ಅವರೊಡನೆ ಸೆಣಸಿದರು. ಕೊನೆಗೆ ನಾಯಕಿಯ ಬಂಧನವಾಯಿತು, ನಿಜ. ಆದರೆ ಅದು ಕಪ್ಪು ಶುಕ್ರವಾರದಂತೆ ಸುಮ್ಮನೆ ಏಟು ತಿಂದ ದಿನವಾಗಿರಲಿಲ್ಲ. ಅದೇ ವರ್ಷ ಮಹಾಯುದ್ಧ ಬಂತು, ಪಡೆ ಚದುರಿತು. 1918ರಲ್ಲಿ ಬಂದ ಹಕ್ಕು 30 ದಾಟಿದ, ಆಸ್ತಿಯ ಅರ್ಹತೆಯಿದ್ದ ಮಹಿಳೆಯರಿಗೆ ಮಾತ್ರ. ಗಂಡಸರಿಗೆ ಸಮನಾದ ಹಕ್ಕಿಗೆ 1928ರವರೆಗೆ ಕಾಯಬೇಕಾಯಿತು. ಈಡಿತ್ ಮಾತ್ರ 1971ರವರೆಗೆ, 99 ವರ್ಷ ಬದುಕಿದ್ದರು.

ಪಟ್ಟು ಕಲಿತ ಮಾತ್ರಕ್ಕೆ ಎಲ್ಲ ಅಪಾಯ ದೂರವಾಗುತ್ತದೆಂದು ನಾನು ಹೇಳಲಾರೆ. ಕಲಿಯದ ಹುಡುಗಿಗೆ ತೊಂದರೆಯಾದರೆ ತಪ್ಪು ಅವಳದೂ ಅಲ್ಲ. ಆದರೆ ತನ್ನ ಮೈಯಲ್ಲಿ ಬಲವಿದೆ ಎಂದು ಬಲ್ಲ ಹುಡುಗಿ ಬಸ್ಸಿನಲ್ಲಿ ನಿಲ್ಲುವ ರೀತಿಯೇ ಬೇರೆ. ನಮ್ಮಲ್ಲಿ ಬಲವಿರಲಿಲ್ಲವೇ? ಚಿತ್ರದುರ್ಗದ ಓಬವ್ವನ ತೋಳಿಗೆ ಕಸುವು ಬಂದದ್ದು ಯಾವ ಗರಡಿಯಿಂದ? ದಿನಾ ಎತ್ತಿಳಿಸಿದ ಒನಕೆಯಿಂದಲೇ ಅಲ್ಲವೇ? ಕೊಡ ಹೊತ್ತು, ಹಿಟ್ಟು ಬೀಸಿ ಗಳಿಸಿದ ಆ ಕಸುವು ಮಿಕ್ಸಿ, ನಲ್ಲಿ ಬಂದ ಮೇಲೆ ಹೋಯಿತು. ಒಳ್ಳೆಯದೇ ಆಯಿತು, ಆದರೆ ಅದರ ಜಾಗಕ್ಕೆ ಇನ್ನೊಂದನ್ನು ನಾವು ತಂದುಕೊಡಲಿಲ್ಲ. ಹತ್ತನೆಯ ತರಗತಿಗೆ ಬಂದ ಹುಡುಗಿಯರ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವ ಶಾಲೆಗಳೇ ಹೆಚ್ಚು.

ಶಾಲೆಯಲ್ಲಿ ಆತ್ಮರಕ್ಷಣೆಯ ತರಗತಿ ಎಂದಾಗ ತಾಯಿಯೊಬ್ಬರು, “ಬಿದ್ದು ಕೈಕಾಲು ಮುರ್ಕೊಂಡ್ರೆ ನಾಳೆ ಯಾರು ಮದ್ವೆ ಆಗ್ತಾರೆ ಟೀಚರ್?” ಎಂದು ಕೇಳಿದರು. “ಅಲ್ಲಿ ಮೊದಲು ಹೇಳಿಕೊಡೋದೇ ಪೆಟ್ಟಾಗದ ಹಾಗೆ ಬೀಳೋದನ್ನ ಕಣಮ್ಮ. ಬಿದ್ದ ಮೇಲೆ ಏಳೋದು ಎರಡನೇ ಪಾಠ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.